ಮುದ್ದಿನ ಹೆಸರಿನಲ್ಲಿ ಕ್ರೌರ್ಯ

ಮಕ್ಕಳು ಮೊಬೈಲ್ ಹಿಡಿದು ನಗುತ್ತಿರುವಾಗ ಅದರಲ್ಲೇನಿದೆ ಎಂದು ಒಮ್ಮೆ ನೋಡಿರಿ. ಕೊರಳಿಗೆ ಹೆಬ್ಬಾವು ಸುತ್ತಿಕೊಂಡ ಯುವಕ, ಅಂಗಿ ತೊಡಿಸಿದ ಮಂಗನ ಮರಿ, ಕೆಳಗೆ ಸಾವಿರಾರು ಲೈಕ್‌ಗಳು. ಜೊತೆಗೆ "ಇದು ಎಲ್ಲಿ ಸಿಗುತ್ತದೆ?" ಎಂಬ ಪ್ರಶ್ನೆ. "ನೋಡಿದರೆ ತಪ್ಪೇನು? ನಾವೇನು ಕೊಳ್ಳುತ್ತೇವೆಯೇ?" ಎನ್ನುವವರು ಗುರುವಾಯನಕೆರೆಯಲ್ಲೂ ಇದ್ದಾರೆ. ಈ ವಾದವನ್ನು ಒಪ್ಪಲಾಗದು. ನಮ್ಮ ಮೆಚ್ಚುಗೆಯೇ ಆ ವ್ಯಾಪಾರಕ್ಕೆ ನಾವು ಕೊಡುವ ಮುಂಗಡ.

2009ರಲ್ಲಿ ಯೂಟ್ಯೂಬ್‌ನ ಒಂದು ವಿಡಿಯೋ ಲೋಕವನ್ನೇ ಸುತ್ತಿತು. ಕಚಗುಳಿಯಿಟ್ಟಾಗ ಎರಡೂ ಕೈಗಳನ್ನು ಮೇಲೆತ್ತುವ ಸ್ಲೋ ಲೋರಿಸ್, ನಮ್ಮ ಕಾಡುಪಾಪದ ಬಳಗದ ಪ್ರಾಣಿ, ಲಕ್ಷಾಂತರ ಜನರನ್ನು ನಗಿಸಿತು. ಆದರೆ ಅದು ಸುಖದ ಭಂಗಿಯಲ್ಲ. ಅಪಾಯ ಕಂಡಾಗ ತೋಳಿನ ಗ್ರಂಥಿಯ ಸ್ರಾವವನ್ನು ಎಂಜಲಿನೊಡನೆ ಬೆರೆಸಿ ವಿಷವಾಗಿಸಿಕೊಳ್ಳಲು ಅದು ತೋಳೆತ್ತುತ್ತದೆ. ಕಚ್ಚದಿರಲೆಂದು ವ್ಯಾಪಾರಿಗಳು ಅದರ ಹಲ್ಲುಗಳನ್ನೇ ಕತ್ತರಿಸುತ್ತಾರೆ. ನಾವು ನಕ್ಕದ್ದು ಒಂದು ಜೀವದ ಭಯವನ್ನು ಕಂಡು!

ಮೆಚ್ಚುಗೆ ಬೇಡಿಕೆಯಾಗುತ್ತದೆ, ಬೇಡಿಕೆ ಪೆಟ್ಟಿಗೆಗಳಲ್ಲಿ ತುಂಬಿ ಬರುತ್ತದೆ. 2023ರ ಸೆಪ್ಟೆಂಬರ್‌ನಲ್ಲಿ ಬ್ಯಾಂಕಾಕ್‌ನಿಂದ ಬೆಂಗಳೂರು ವಿಮಾನ ನಿಲ್ದಾಣಕ್ಕೆ ಬಂದ ಸಾಮಾನಿನಲ್ಲಿ ಕಸ್ಟಮ್ಸ್ ಅಧಿಕಾರಿಗಳಿಗೆ 55 ಬಾಲ್ ಪೈಥಾನ್, 17 ಕಾಳಿಂಗ ಸರ್ಪ ಮತ್ತು 6 ಕಪುಚಿನ್ ಮಂಗಗಳು ಸಿಕ್ಕವು. ಆರೂ ಮಂಗಗಳು ಸತ್ತಿದ್ದವು. ಅವುಗಳಿಗೆ ಲೈಕ್ ಒತ್ತುವವರು ಯಾರು?

ಪ್ರಾಣ ಉಳಿದು ಮನೆ ಸೇರಿದವುಗಳ ಗತಿಯೇನು? ಕೆಂಪು ಕಿವಿಯ ಆಮೆಯನ್ನೇ ನೋಡಿ. ಕೊಳ್ಳುವಾಗ ಅದು ನಾಣ್ಯದಷ್ಟಿರುತ್ತದೆ, ಬೆಳೆದಾಗ ಅಡಿಯುದ್ದವಾಗುತ್ತದೆ. ಆಗ ಬೇಸರಗೊಂಡವರು ಅದನ್ನು ಹತ್ತಿರದ ಕೆರೆಗೆ ಬಿಟ್ಟು ಪುಣ್ಯ ಕಟ್ಟಿಕೊಂಡೆವೆಂದುಕೊಳ್ಳುತ್ತಾರೆ. ಅಮೆರಿಕ ಮೂಲದ ಈ ಆಮೆ ಹೋದೆಡೆಯಲ್ಲೆಲ್ಲ ಸ್ಥಳೀಯ ಆಮೆಗಳ ಅನ್ನಕ್ಕೂ ನೆಲೆಗೂ ಪಾಲುದಾರನಾಗುತ್ತದೆ. ನಮ್ಮ ಊರಿಗೆ ಹೆಸರನ್ನೇ ಕೊಟ್ಟ ಕೆರೆಗೆ ನಾಳೆ ಯಾರೋ ಇದನ್ನು ತಂದು ಬಿಟ್ಟರೆ ಮರಳಿ ಹಿಡಿಯುವವರಾರು?

ಕಾನೂನಿಲ್ಲವೆಂದಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ನಮ್ಮ ನಾಡಿನ ಗಿಳಿಯನ್ನು ಪಂಜರದಲ್ಲಿಡುವುದೂ ಅಪರಾಧ. 2022ರ ತಿದ್ದುಪಡಿಯಿಂದ ಅಳಿವಿನಂಚಿನ ಅನೇಕ ವಿದೇಶಿ ಪ್ರಾಣಿಗಳನ್ನು ಸಾಕುವವರು ನೋಂದಣಿ ಮಾಡಿಸಬೇಕಾಗಿದೆ. ಆದರೆ ನಮ್ಮ ಕೈಬೆರಳನ್ನು ಯಾವ ಅಧಿಕಾರಿ ತಡೆದಾನು? ಅದು ನಮ್ಮದೇ ಹೊಣೆ.

ಆದುದರಿಂದ ಅಂಥ ವಿಡಿಯೋಗಳನ್ನು ಮೆಚ್ಚಬೇಡಿ, ಹಂಚಬೇಡಿ. ಆ ಎತ್ತಿದ ಕೈಗಳ ಅರ್ಥವನ್ನು ಮಕ್ಕಳಿಗೆ ತಿಳಿಹೇಳಿ. ಬಳಿಕ ಅವರನ್ನು ಕೆರೆಯ ದಂಡೆಗೆ ಕರೆದೊಯ್ಯಿರಿ. ತನ್ನಿಚ್ಛೆಯಂತೆ ಹಾರಿಹೋಗಬಲ್ಲ ಹಕ್ಕಿಯನ್ನು ಮೆಚ್ಚಲು ಅವರು ಅಲ್ಲಿ ಕಲಿಯಲಿ.