ಉಚಿತ ತಂತ್ರಾಂಶಗಳ ಪರಾಮರ್ಶೆ: ವಿಶ್ವಾಸಾರ್ಹತೆ ಮರಳಲಿ

ಪಿಡಿಎಫ್ ಕಡತಗಳನ್ನು ಜೋಡಿಸಲು, ಅಳಿಸಿಹೋದ ಚಿತ್ರಗಳನ್ನು ಮರಳಿ ಪಡೆಯಲು, ನಿಧಾನಗೊಂಡ ಕಂಪ್ಯೂಟರನ್ನು ಸರಿಪಡಿಸಲು ಜನಸಾಮಾನ್ಯರು ಉಚಿತ ತಂತ್ರಾಂಶಗಳನ್ನೇ ಆಶ್ರಯಿಸುತ್ತಾರೆ. ಅವುಗಳಲ್ಲಿ ಯಾವುದು ಸುರಕ್ಷಿತ ಎಂದು ಪರೀಕ್ಷಿಸಿ ಹೇಳುವ ಹೊಣೆಯನ್ನು ಡೌನ್‌ಲೋಡ್ ತಾಣಗಳೂ ವಿಮರ್ಶಕರೂ ಹೊತ್ತಿದ್ದರು. ಆ ಹೊಣೆಗಾರಿಕೆ ಇಂದು ಬಹುಮಟ್ಟಿಗೆ ಕುಸಿದಿದೆ.

ಇಂತಹ ಅನೇಕ ತಾಣಗಳಲ್ಲಿ ‘ಡೌನ್‌ಲೋಡ್’ ಎಂಬ ಹಸಿರು ಗುಂಡಿಗಳು ಎರಡು ಮೂರು ಕಾಣುತ್ತವೆ. ನಿಜವಾದದ್ದು ಒಂದೇ, ಉಳಿದವು ಜಾಹೀರಾತು. ಅನುಸ್ಥಾಪನೆಗೆ ಕೈಹಾಕಿದರೆ ‘ಎಕ್ಸ್‌ಪ್ರೆಸ್’ ಆಯ್ಕೆ ಮೊದಲೇ ಗುರುತಾಗಿರುತ್ತದೆ. ಕೇಳದ ಟೂಲ್‌ಬಾರ್, ಬದಲಾಗುವ ಮುಖಪುಟ, ಬೇಡದ ಆ್ಯಂಟಿವೈರಸ್‌ಗೆ ಸಮ್ಮತಿ ಸೂಚಿಸುವ ಚೌಕಗಳು ‘ಕಸ್ಟಮ್’ ಆಯ್ಕೆಯ ಒಳಗೆ ಅಡಗಿರುತ್ತವೆ. ಇದನ್ನು ಬಳಕೆದಾರನ ಒಪ್ಪಿಗೆ ಎನ್ನಲಾಗದು.

ಪ್ರತಿಷ್ಠಿತ ತಾಣಗಳೂ ಈ ಹಾದಿ ಹಿಡಿದದ್ದು ಕಳವಳಕಾರಿ. ಸಿನೆಟ್ ಸಂಸ್ಥೆಯ ಡೌನ್‌ಲೋಡ್.ಕಾಮ್ 2011ರಲ್ಲಿ ಎನ್‌ಮ್ಯಾಪ್ ಎಂಬ ಮುಕ್ತ ತಂತ್ರಾಂಶವನ್ನು ತನ್ನದೇ ಇನ್‌ಸ್ಟಾಲರ್‌ನಲ್ಲಿ ಸುತ್ತಿ, ಅದರೊಡನೆ ಟೂಲ್‌ಬಾರನ್ನೂ ವಿತರಿಸಿತು. ಎನ್‌ಮ್ಯಾಪ್ ಕರ್ತೃ ಬಹಿರಂಗವಾಗಿ ಪ್ರತಿಭಟಿಸಿದ ಮೇಲೆ ಕ್ಷಮೆ ಕೋರಿತು. ಸೋರ್ಸ್‌ಫೋರ್ಜ್‌ನ ಇಂಥದ್ದೇ ಧೋರಣೆಯಿಂದ ಬೇಸತ್ತು, ಚಿತ್ರ ಸಂಪಾದನೆಯ ಮುಕ್ತ ತಂತ್ರಾಂಶ ಗಿಂಪ್ ರೂಪಿಸುವ ತಂಡ 2013ರಲ್ಲಿ ಆ ತಾಣವನ್ನು ತೊರೆಯಿತು. ಆದರೂ 2015ರಲ್ಲಿ ಗಿಂಪ್‌ನ ವಿಂಡೋಸ್ ಆವೃತ್ತಿ ಅಲ್ಲಿ ಜಾಹೀರಾತಿನ ಹೊದಿಕೆಯೊಡನೆ ಕಾಣಿಸಿಕೊಂಡಿತು. ಮಾಲೀಕತ್ವ ಬದಲಾದ ಬಳಿಕ, 2016ರಲ್ಲಷ್ಟೇ ಜಾಹೀರಾತು ಸುತ್ತಿ ವಿತರಿಸುವ ಸೋರ್ಸ್‌ಫೋರ್ಜ್‌ನ ಯೋಜನೆಗೆ ತೆರೆಬಿತ್ತು.

ಮೂಲ ಕಾರಣ ಸ್ಪಷ್ಟ. ಪ್ರತಿ ಅನುಸ್ಥಾಪನೆಗೂ ದಲ್ಲಾಳಿ ಹಣ ಸಿಗುವಾಗ, ಪರೀಕ್ಷಿಸಬೇಕಾದವನೇ ಮಾರಾಟಗಾರನಾಗುತ್ತಾನೆ. ‘ಅತ್ಯುತ್ತಮ ಹತ್ತು ಆ್ಯಪ್‌ಗಳು’ ಎಂಬ ಪಟ್ಟಿ ಬರೆದವರು ಅವುಗಳನ್ನು ಒಮ್ಮೆಯಾದರೂ ಬಳಸಿದ್ದಾರೆಯೇ ಎಂದು ತಿಳಿಯಲು ಓದುಗನಿಗೆ ದಾರಿಯಿಲ್ಲ.

ಒಮ್ಮೆ ಪರೀಕ್ಷಿಸಿ ಸುಮ್ಮನಾಗುವುದೂ ಸಾಲದು. 2017ರಲ್ಲಿ, ಕಂಪ್ಯೂಟರನ್ನು ಚೊಕ್ಕಗೊಳಿಸುವ ತಂತ್ರಾಂಶ ಸಿಕ್ಲೀನರ್‌ನ ಅಧಿಕೃತ ಆವೃತ್ತಿಯೊಳಗೇ ದುಷ್ಕರ್ಮಿಗಳು ಕುತಂತ್ರಾಂಶ ಸೇರಿಸಿದ್ದರು. ಸುಮಾರು 22.7 ಲಕ್ಷ ಕಂಪ್ಯೂಟರ್‌ಗಳಿಗೆ ಅದು ತಲುಪಿತ್ತು. ರಕ್ಷಣೆಯ ಭರವಸೆ ನೀಡಿದ್ದ ಆ್ಯಂಟಿವೈರಸ್ ಸಂಸ್ಥೆ ಅವಾಸ್ಟ್, ಬಳಕೆದಾರರ ಜಾಲತಾಣ ವೀಕ್ಷಣೆಯ ಮಾಹಿತಿಯನ್ನೇ ಮಾರಿಕೊಂಡ ಆರೋಪದ ಮೇಲೆ 2024ರಲ್ಲಿ ಅಮೆರಿಕದ ವ್ಯಾಪಾರ ಆಯೋಗಕ್ಕೆ 1.65 ಕೋಟಿ ಡಾಲರ್ ತೆರಲು ಒಪ್ಪಬೇಕಾಯಿತು.

ಕನ್ನಡಿಗರಿಗೆ ಇದು ದೂರದ ಸಂಗತಿಯಲ್ಲ. ಸರ್ಕಾರಿ ಕಚೇರಿಗಳಲ್ಲಿ, ಡಿಟಿಪಿ ಕೇಂದ್ರಗಳಲ್ಲಿ ಕನ್ನಡ ಟೈಪಿಸುವ ತಂತ್ರಾಂಶಗಳಾದ ‘ನುಡಿ’, ‘ಬರಹ’ ನಿತ್ಯದ ಅಗತ್ಯ. ಕಂಪ್ಯೂಟರ್ ಫಾರ್ಮ್ಯಾಟ್ ಆದಾಗ ಸಿಬ್ಬಂದಿ ಹುಡುಕು ತಾಣದಲ್ಲಿ ಹೆಸರು ಟೈಪಿಸಿ, ಮೊದಲು ಕಂಡ ಕೊಂಡಿಯನ್ನು ಒತ್ತಿದರೆ ತಪ್ಪು ಅವರದಲ್ಲ. ಆದರೆ ಒಂದು ನಕಲಿ ಕಡತದಿಂದ ಇಡೀ ಕಚೇರಿಯ ದಾಖಲೆಗಳು ಅಪಾಯಕ್ಕೆ ಸಿಲುಕಬಹುದು. ಹುಡುಕಾಟದ ಫಲಿತಾಂಶಗಳಲ್ಲಿ ಅಸಲಿ ಸಂಸ್ಥೆಗಳ ವೇಷ ತೊಟ್ಟ ಜಾಹೀರಾತುಗಳ ಬಗ್ಗೆ ಅಮೆರಿಕದ ಎಫ್‌ಬಿಐ 2022ರ ಡಿಸೆಂಬರ್‌ನಲ್ಲೇ ಎಚ್ಚರಿಸಿದೆ.

ನಮ್ಮಲ್ಲಿ ನಿಯಮಗಳ ಕೊರತೆಗಿಂತ ಜಾರಿಯ ಕೊರತೆ ದೊಡ್ಡದು. ಆನ್‌ಲೈನ್ ವಿಮರ್ಶೆಗಳಿಗೆ ಭಾರತೀಯ ಮಾನಕ ಬ್ಯೂರೊ 2022ರಲ್ಲಿ ಮಾನದಂಡ ರೂಪಿಸಿತು. ಆದರೆ ಅದರ ಪಾಲನೆಯನ್ನು ಸಂಸ್ಥೆಗಳ ಇಚ್ಛೆಗೆ ಬಿಡಲಾಯಿತು. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರದ 2023ರ ಮಾರ್ಗಸೂಚಿ 13 ಬಗೆಯ ವಂಚಕ ವಿನ್ಯಾಸಗಳನ್ನು ನಿಷೇಧಿಸಿದೆ. ಮರೆಮಾಚಿದ ಜಾಹೀರಾತು, ಕುತಂತ್ರಾಂಶದ ಬಲೆ ಎರಡೂ ಆ ಪಟ್ಟಿಯಲ್ಲಿವೆ. ದೂರಿಗಾಗಿ ಕಾಯದೆ ಪ್ರಾಧಿಕಾರ ತಾನಾಗಿಯೇ ಕ್ರಮ ಜರುಗಿಸಬೇಕು. ದಲ್ಲಾಳಿ ಹಣ ಪಡೆಯುವ ವಿಮರ್ಶಕರು, ಮಾಧ್ಯಮ ಸಂಸ್ಥೆಗಳೂ ಸೇರಿದಂತೆ, ಅದನ್ನು ಬರಹದ ಆರಂಭದಲ್ಲೇ ಘೋಷಿಸಬೇಕು.

ಕನ್ನಡದ ತಂತ್ರಾಂಶಗಳನ್ನು ಪರೀಕ್ಷಿಸಿ, ಡಿಜಿಟಲ್ ಸಹಿಯೊಡನೆ ಒಂದೇ ಅಧಿಕೃತ ತಾಣದಲ್ಲಿ ಒದಗಿಸಿ, ಆ ವಿಳಾಸವನ್ನು ಪ್ರತಿ ಕಚೇರಿಗೂ ಶಾಲೆಗೂ ತಲುಪಿಸುವುದು ರಾಜ್ಯ ಸರ್ಕಾರಕ್ಕೆ ದೊಡ್ಡ ವೆಚ್ಚದ ಕೆಲಸವಲ್ಲ. ಅದನ್ನು ಇನ್ನು ವಿಳಂಬವಿಲ್ಲದೆ ಕೈಗೆತ್ತಿಕೊಳ್ಳಲಿ.