ಬೀಸಣಿಗೆಯೂ ಕೊಡೆಯೂ

ಮಠದಲ್ಲಿ ಓದುತ್ತಿದ್ದಾಗ ನಾವು ಓಲೆಗಳೆಲ್ಲ ಒಂದೇ ಮರದವೆಂದು ಬಗೆದಿದ್ದೆವು. ಹಾಗೆ ಬಗೆದೇ ಒಮ್ಮೆ ಬಿರುಸಾದ ತಾಳೆಯೋಲೆಯನ್ನು ಬಾಗಿಸಹೋಗಿ ಅಂಚು ಮುರಿದೆವು, ನಾಲ್ಕಕ್ಷರ ಹೋದವು. ತೆಳುವಾಗಿ ಬಾಗುವುದು ಶ್ರೀತಾಳೆಯ ಓಲೆ.

ಈ ಎರಡು ಮರಗಳಿಗೂ ಸ್ವೀಡನ್ನಿನ ಪಂಡಿತ ಲಿನೇಯಸ್ 1753ರಲ್ಲಿ ಎಲೆಯನ್ನು ನೋಡಿಯೇ ಲ್ಯಾಟಿನ್ ಹೆಸರಿಟ್ಟರು. ತಾಳೆಯು ‘ಬೊರಾಸಸ್ ಫ್ಲಾಬೆಲ್ಲಿಫರ್’, ಎಂದರೆ ಬೀಸಣಿಗೆ ಹೊತ್ತದ್ದು. ಶ್ರೀತಾಳೆಯು ‘ಕೊರಿಫಾ ಅಂಬ್ರಾಕ್ಯುಲಿಫೆರಾ’, ಕೊಡೆ ಹೊತ್ತದ್ದು. ಒಂದರ ಕೊನೆಯಲ್ಲಿ ‘ಫರ್’, ಇನ್ನೊಂದರಲ್ಲಿ ‘ಫೆರಾ’ ಏಕೆ? ಮೊದಲಿನದು ಪುಲ್ಲಿಂಗ, ಎರಡನೆಯದು ಸ್ತ್ರೀಲಿಂಗ. ವಿಶೇಷ್ಯದಂತೆ ವಿಶೇಷಣವೆಂಬುದು ಸಂಸ್ಕೃತ ಬಲ್ಲವರಿಗೆ ಹೊಸತಲ್ಲ.

ಶ್ರೀತಾಳೆಯ ಎಲೆ ಐದು ಮೀಟರ್ ಅಗಲಕ್ಕೂ ಬೆಳೆಯುವುದುಂಟು, ಕೊಡೆಯೆಂದದ್ದು ಉತ್ಪ್ರೇಕ್ಷೆಯಲ್ಲ. ಆದರೆ ಶತಮಾನಗಳ ಕಾಲ ಗ್ರಂಥಗಳನ್ನು ಹೊತ್ತ ಈ ಎಲೆಗಳ ಹೆಸರಿನಲ್ಲಿ ಬರವಣಿಗೆಯ ಸುಳಿವೇ ಇಲ್ಲ.