ಹಿಂದುಳಿದವನ ಹೆಜ್ಜೆ

ನಮ್ಮಲ್ಲಿ ಪ್ರವಾಸವೆಂದರೆ ಲೆಕ್ಕದ ಮಾತು. ಎಷ್ಟು ದಿನ, ಎಷ್ಟು ಊರು, ತಲೆಗೆಷ್ಟು ರೂಪಾಯಿ ಎಂದು ಕೇಳುವವರೇ ಎಲ್ಲರೂ. ಜೊತೆಯಲ್ಲಿ ಹೊರಟವರೆಲ್ಲ ಸುಖವಾಗಿ ಹಿಂದಿರುಗಿದರೇ ಎಂದು ಕೇಳುವವರು ವಿರಳ. ನಾನೂ ಆ ಲೆಕ್ಕದವನೇ ಆಗಿದ್ದೆ. 2023ರ ಆಗಸ್ಟ್ ತಿಂಗಳಲ್ಲಿ, ಕಾಶ್ಮೀರದ ಬೆಟ್ಟದ ದಾರಿಯೊಂದರಲ್ಲಿ ನನ್ನ ಲೆಕ್ಕ ತಪ್ಪಿತು. ಅದನ್ನು ಸಹಪಾಠಿಗಳ ಮುಂದೆ ಒಪ್ಪಿಕೊಳ್ಳುವುದಕ್ಕಾಗಿಯೇ ಈ ಲೇಖನ.

ಹರಮುಖ ಪರ್ವತದ ಎತ್ತರ 5,142 ಮೀಟರ್. ಅದರ ಮಡಿಲಲ್ಲಿ ಗಂಗಾಬಲ್, ನುಂದಕೋಲ್ ಎಂಬ ಸರೋವರಗಳಿವೆ. ಹಿಮ ಕರಗಿದ ನೀರು ಗಂಗಾಬಲನ್ನು ತುಂಬಿ, ತೊರೆಯಾಗಿ ನುಂದಕೋಲಿಗಿಳಿದು, ಮುಂದೆ ಸಿಂಧ್ ಹೊಳೆಯ ಮೂಲಕ ಝೇಲಮ್ ನದಿಯನ್ನು ಸೇರುತ್ತದೆ. ಕಾಶ್ಮೀರಿ ಪಂಡಿತರಿಗೆ ಗಂಗಾಬಲ್ ಗಂಗೆಗೆ ಸಮಾನ. ತೀರಿಕೊಂಡವರ ಅಸ್ಥಿಯನ್ನು ಅಲ್ಲಿ ವಿಸರ್ಜಿಸುವುದು ಅವರ ಹಳೆಯ ಸಂಪ್ರದಾಯ. ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಆಸ್ಥಾನಕ್ಕೆ ಬಂದು 'ವಿಕ್ರಮಾಂಕದೇವಚರಿತ'ವನ್ನು ರಚಿಸಿದ ಬಿಲ್ಹಣ ಕಾಶ್ಮೀರದವನೇ. ಅವನು ಬಂದ ದಾರಿಯನ್ನು ನಾವು ತಿರುಗಿ ನಡೆಯುತ್ತಿದ್ದೇವೆಂದು ರೈಲಿನಲ್ಲಿ ಜಂಭ ಕೊಚ್ಚಿಕೊಂಡೆವು.

ನಾವು ಐವರು ಗೆಳೆಯರು. ನಾರಾನಾಗ್ ಹಳ್ಳಿಯಿಂದ ಒಂದೇ ದಿನದಲ್ಲಿ ಸಾವಿರ ಮೀಟರಿಗೂ ಹೆಚ್ಚು ಏರಿ, ತ್ರುಂಖೋಲ್ ಹುಲ್ಲುಗಾವಲಿನಲ್ಲಿ ಗುಡಾರ ಹಾಕಿದೆವು. ಮರುದಿನ ಎರಡೂ ಸರೋವರಗಳನ್ನು ನೋಡಿ ಸಂಜೆಗೆ ಮರಳುವುದೆಂದು ನಿಶ್ಚಯ. ಬೆಳಿಗ್ಗೆ ನಮ್ಮಲ್ಲೊಬ್ಬನಿಗೆ ತಲೆನೋವು, ತಿಂಡಿ ಸೇರಲಿಲ್ಲ. "ಲೋ, ಚಹಾ ಕುಡಿ, ಸರಿಹೋಗತ್ತೆ. ಇಷ್ಟು ದೂರ ಬಂದು ಮಲಗ್ತೀಯೇನೋ?" ಎಂದವನು ನಾನು. ಅವನು ನಕ್ಕು ಎದ್ದ. ಆ ನಗೆಯಲ್ಲಿದ್ದುದು ನಾಚಿಕೆಯೆಂದು ನನಗಾಗ ತಿಳಿಯಲಿಲ್ಲ.

ನುಂದಕೋಲಿನ ದಂಡೆಯಲ್ಲಿ ಅವನು ವಾಂತಿ ಮಾಡಿಕೊಂಡ. ದಾರಿ ತೋರಲು ಬಂದಿದ್ದ ಕುದುರೆಯವನು, "ಇವರನ್ನು ಈಗಲೇ ಇಳಿಸಬೇಕು" ಎಂದ. ಗಂಗಾಬಲ್ ದಿಬ್ಬದಾಚೆಗೇ ಇತ್ತು. ಗೆಳೆಯನನ್ನು ಅವನ ವಶಕ್ಕೆ ಬಿಟ್ಟು ನಾವು ನಾಲ್ವರೂ ಹತ್ತಿದೆವು. ಎರಡು ಕಿಲೋಮೀಟರಿಗೂ ಉದ್ದದ ನೀಲಿ ನೀರು, ಅದರ ಮೇಲೆ ಹರಮುಖದ ಹಿಮ. ಚಿತ್ರ ತೆಗೆದುಕೊಂಡೆವು, ಯಾರಿಗೂ ಮಾತು ಬರಲಿಲ್ಲ. ಹಿಂದಿರುಗಿದಾಗ ದಂಡೆ ಬರಿದಾಗಿತ್ತು. ಕುದುರೆಯವನು ನಮಗಾಗಿ ಕಾಯದೆ ಅವನ ತೋಳು ಹಿಡಿದು ಇಳಿಸಿಕೊಂಡು ಹೋಗಿದ್ದ. ನಾರಾನಾಗಿನಲ್ಲಿ ಚೇತರಿಸಿಕೊಂಡ ಗೆಳೆಯ ಮೊದಲು ಕೇಳಿದ್ದು, "ಗಂಗಾಬಲ್ ಹೇಗಿತ್ತೋ?" ಎಂದು. ಅದಕ್ಕೆ ನಾನು ಇಂದಿಗೂ ಸರಿಯಾಗಿ ಉತ್ತರಿಸಿಲ್ಲ.

ನಮ್ಮ ಮುಳ್ಳಯ್ಯನಗಿರಿ 2,000 ಮೀಟರನ್ನು ಮುಟ್ಟುವುದಿಲ್ಲ. 3,500 ಮೀಟರಿನಲ್ಲಿ ಪ್ರತಿ ಉಸಿರಿಗೆ ದೊರೆಯುವ ಆಮ್ಲಜನಕ ಸಮುದ್ರಮಟ್ಟದಲ್ಲಿ ದೊರೆಯುವುದರ ಮೂರರಲ್ಲಿ ಎರಡು ಪಾಲು ಮಾತ್ರ. ದೇಹ ಅದಕ್ಕೆ ಒಗ್ಗಿಕೊಳ್ಳಲು ದಿನಗಳು ಬೇಕು. ತಲೆನೋವು, ವಾಕರಿಕೆ ಕಂಡ ಮೇಲೂ ಏರುತ್ತ ಹೋದರೆ ಮೆದುಳು ಊದಿಕೊಂಡೋ ಶ್ವಾಸಕೋಶದಲ್ಲಿ ನೀರು ತುಂಬಿಯೋ ಪ್ರಾಣಕ್ಕೇ ಅಪಾಯ. ಆಟದ ಬಯಲಿನ ಶೂರನಿಗೂ ಇದರಲ್ಲಿ ವಿನಾಯಿತಿಯಿಲ್ಲ. ಕೆಳಗಿಳಿಯುವುದೇ ಮುಖ್ಯವಾದ ಮದ್ದು.

ಒಬ್ಬನಿಗಾಗಿ ನಾಲ್ವರ ಹಣವೂ ಶ್ರಮವೂ ವ್ಯರ್ಥವಾಗಬೇಕೆ ಎಂದು ಕೆಲವರು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಆದರೆ ನಾಲ್ವರಲ್ಲಿ ಒಬ್ಬನಾದರೂ ಅವನೊಡನೆ ಇಳಿಯಬಹುದಾಗಿತ್ತು; ಆ ಒಬ್ಬ ನಾನೇ ಆಗಬೇಕಾಗಿತ್ತು. ಗೆಳೆಯರು ಮಾಡಬೇಕಾದುದನ್ನು ಅಪರಿಚಿತನೊಬ್ಬ ಮಾಡಿದ.

ಆದುದರಿಂದ ನಮ್ಮ ಕಾಲೇಜಿನ ಪ್ರವಾಸಗಳಿಗೆ ಎರಡು ನಿಯಮಗಳಿರಲಿ ಎಂಬುದು ನನ್ನ ನಮ್ರ ಸಲಹೆ. ನಿಧಾನವಾಗಿ ನಡೆಯುವವನು ಸಾಲಿನ ಮುಂದಿರಲಿ. ಉಳಿದವರು ಅವನ ಹೆಜ್ಜೆಗೆ ಹೆಜ್ಜೆ ಹಾಕಲಿ. "ನನ್ನಿಂದಾಗದು" ಎಂದವರನ್ನು ಯಾರೂ ಹಾಸ್ಯ ಮಾಡದಿರಲಿ. ಇದಕ್ಕಾಗಿ ಬರುವ ವರ್ಷದ ಪಟ್ಟಿಯಲ್ಲಿ ಒಂದೆರಡು ಊರು ಕಡಿಮೆಯಾದರೆ ನಷ್ಟವೇನೂ ಇಲ್ಲ.